ವಾಸ್ಕೋ ಡ ಗಾಮನೂ ನಮ್ಮ ಕರಾವಳಿಯೂ



ಹುಸೇನ್ ಸಾಗರವನ್ನೇ ಸಾಗರವೆಂದು ನಂಬಿರುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಒಂದು ಪಾಠವುಂಟು: ೧೪೯೮ರಲ್ಲಿ ವಾಸ್ಕೋ ಡ ಗಾಮನು ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದನು. ಪಾಠವು ಕಲ್ಲಿಕೋಟೆಯಲ್ಲೇ ಮುಗಿಯುತ್ತದೆ. ಆತನು ನಮ್ಮ ಕಾರವಾರದ ಮುಂದೆಯೂ ಲಂಗರು ಹಾಕಿದ್ದನೆಂಬುದನ್ನು ನಾವೇ ಮಕ್ಕಳಿಗೆ ಹೇಳಬೇಕಾಗಿದೆ.

ಪೋರ್ಚುಗಲ್ ದೇಶದ ಸಿನೆಸ್ ಎಂಬ ಕಡಲೂರಿನವನಾದ ಗಾಮನು ೧೪೯೭ರ ಜುಲೈ ೮ರಂದು ನಾಲ್ಕು ಹಡಗುಗಳೊಡನೆ ಲಿಸ್ಬನ್ನಿನಿಂದ ಹೊರಟನು. ಆಫ್ರಿಕದ ತುದಿಯನ್ನು ಬಳಸಿ ಮಲಿಂದಿಗೆ ಬಂದನು. ಮುಂದಿನ ದಾರಿ ಆತನಿಗೆ ತಿಳಿಯದು. ಅಲ್ಲಿಯ ಅರಸನು ಈ ಕಡಲನ್ನು ಬಲ್ಲ ಮಾರ್ಗದರ್ಶಿಯೊಬ್ಬನನ್ನು ಕೊಟ್ಟನು. ಮುಂಗಾರಿನ ಗಾಳಿ ಬೆನ್ನಿಗಿತ್ತು; ಇಪ್ಪತ್ತಮೂರು ದಿನಗಳಲ್ಲಿ ಮಲಬಾರಿನ ಬೆಟ್ಟಗಳು ಕಣ್ಣಿಗೆ ಬಿದ್ದುವು. ನಮ್ಮ ನಾವಿಕರೂ ಅರಬರೂ ಶತಮಾನಗಳಿಂದ ತುಳಿದ ಹಾದಿಯದು. ಗಾಮನಿಗೆ ಮಾತ್ರ ಅದು ಹೊಸದು.

ಕಲ್ಲಿಕೋಟೆಯ ಸಾಮೂದಿರಿಯೊಡನೆ ವಿರಸ ಬೆಳೆಯಿತು. ಆಗಸ್ಟಿನ ಕೊನೆಗೆ ಹೊರಟ ಗಾಮನು ಉತ್ತರಕ್ಕೆ ಸಾಗಿ, ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಹಡಗುಗಳ ತಳ ಕೆರೆಸಿ, ಸಿಹಿನೀರು ತುಂಬಿಸಿಕೊಂಡನು. ಅಕ್ಟೋಬರ್ ೫ರಂದು ಅಲ್ಲಿಂದ ಹೊರಟನು. ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಎದುರುಗಾಳಿ, ಇಲ್ಲವೇ ಗಾಳಿಯೇ ಇಲ್ಲ. ಬಂದಾಗ ಇಪ್ಪತ್ತಮೂರು ದಿನ ಹಿಡಿದ ದಾರಿಗೆ ಮರಳುವಾಗ ಸುಮಾರು ಮೂರು ತಿಂಗಳು! ತಾಜಾ ಹಣ್ಣು ತರಕಾರಿಗಳಿಲ್ಲದೆ ಒಸಡು ಬಾತು ಮೂವತ್ತು ಮಂದಿ ಸತ್ತರು. ಆಳುಗಳು ಸಾಲದೆ ಒಂದು ಹಡಗನ್ನು ಸುಟ್ಟುಬಿಡಬೇಕಾಯಿತು. ಋತು ನೋಡಿ ಹಾಯಿ ಬಿಚ್ಚುವುದು ನಮ್ಮ ಕರಾವಳಿಯ ಮೀನುಗಾರನಿಗೂ ಗೊತ್ತಿದ್ದ ವಿದ್ಯೆ.

೧೫೦೨ರಲ್ಲಿ ಆತನು ಫಿರಂಗಿಗಳೊಡನೆ ಮರಳಿದನು. ಹೊನ್ನಾವರ, ಭಟ್ಕಳಗಳು ಆ ಫಿರಂಗಿಯ ರುಚಿ ಕಂಡುವು. ಮೆಕ್ಕಾದಿಂದ ಬರುತ್ತಿದ್ದ ಯಾತ್ರಿಕರ ಹಡಗೊಂದನ್ನು ಹೆಂಗಸರು ಮಕ್ಕಳೆನ್ನದೆ ಸುಡಿಸಿದನು. ಮೂರನೆಯ ಬಾರಿ ವೈಸರಾಯನಾಗಿ ಬಂದು, ೧೫೨೪ರ ಡಿಸೆಂಬರ್ ೨೪ರಂದು ಕೊಚ್ಚಿಯಲ್ಲಿ ತೀರಿಕೊಂಡನು. ಧೈರ್ಯವಂತನೆಂಬುದು ದಿಟ, ಕ್ರೂರಿಯೆಂಬುದೂ ಅಷ್ಟೇ ದಿಟ. ಮಕ್ಕಳಿಗೆ ಎರಡನ್ನೂ ಹೇಳೋಣ.

ಅಂಜದೀವವು ೧೯೬೧ರ ಡಿಸೆಂಬರಿನವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ಬಿಡಿಸುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು. ದ್ವೀಪವು ಗೋವೆಗೆ ಸೇರಿದ್ದರೂ ಇಂದು ಕಾರವಾರದ ನೌಕಾನೆಲೆಯ ಅಂಗವಾಗಿದೆ.

ಊರು ಬಿಟ್ಟು ಬಂದವರು ನಾವೂ ಹೌದು. ಈ ಹೈದರಾಬಾದಿನಲ್ಲಿ ನಮಗೆ ದಾರಿ ತೋರಿಸಿದವರು, ತೆಲುಗು ಉರ್ದು ಕಲಿಸಿದವರು ಎಷ್ಟೋ ಮಂದಿ. ಅವರನ್ನು ನೆನೆಯುವುದು ನಮ್ಮ ಋಣ. ನಮ್ಮ ಕಡಲ ಕಥೆಯನ್ನು ಮಕ್ಕಳಿಗೆ ಕನ್ನಡದಲ್ಲೇ ಹೇಳುವುದು ನಮ್ಮ ಕರ್ತವ್ಯ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಸಾಧ್ಯವಾದವರು ಮಕ್ಕಳಿಗೆ ಕಾರವಾರದ ಕಡಲನ್ನು ತೋರಿಸಿ ಬರಬೇಕೆಂದು ಅರಿಕೆ.

ಜಯ ಕರ್ನಾಟಕ.