ಉಜ್ಜಿದರೆ ಹುಟ್ಟುವ ಬೆಳಕು

ಚಳಿಗಾಲದ ಒಣಹವೆಯಲ್ಲಿ, ದೀಪ ಆರಿಸಿ, ಪಾಲಿಯೆಸ್ಟರ್ ಅಂಗಿ ಬಿಚ್ಚಿ ನೋಡಿ. ಚಟಪಟ ಸದ್ದು, ಜೊತೆಗೆ ಸಣ್ಣ ನೀಲಿ ಕಿಡಿಗಳು. ಇವತ್ತು ನಾನು ಹೇಳಹೊರಟಿರುವುದು ಆ ಕಿಡಿಗಳ ಕಥೆ.

ಅಂಬರ್ ಎಂಬ ಗಟ್ಟಿಯಾದ ಮರದಂಟನ್ನು ಉಜ್ಜಿದರೆ ಹೊಟ್ಟು ಅಂಟಿಕೊಳ್ಳುತ್ತದೆ ಅನ್ನೋದು ಪ್ರಾಚೀನ ಗ್ರೀಕರಿಗೇ ಗೊತ್ತಿತ್ತು. 1600ರಲ್ಲಿ ಇಂಗ್ಲೆಂಡಿನ ವೈದ್ಯ ಗಿಲ್ಬರ್ಟ್ ಅದರ ಬಗ್ಗೆ ಬರೆದರು, ಆಮೇಲೆ ಜರ್ಮನಿಯ ಗೆರಿಕ್ ಗಂಧಕದ ಗುಂಡು ತಿರುಗಿಸಿ ಉಜ್ಜಿದರು. ಅದೆಲ್ಲ ಇರಲಿ, ನನ್ನ ಮನಸ್ಸು ಹೋಗಿ ನಿಲ್ಲುವುದು ಲಂಡನ್ನಿನ ಫ್ರಾನ್ಸಿಸ್ ಹಾಕ್ಸ್‌ಬೀ ಬಳಿ.

ಜವಳಿ ವ್ಯಾಪಾರದಿಂದ ಬಂದ ಮನುಷ್ಯ. ನ್ಯೂಟನ್ ಅಧ್ಯಕ್ಷರಾಗಿದ್ದ ರಾಯಲ್ ಸೊಸೈಟಿಯಲ್ಲಿ ವಿದ್ವಾಂಸರ ಮುಂದೆ ಪ್ರಯೋಗ ಮಾಡಿ ತೋರಿಸುವುದು ಅವರ ಕೆಲಸ. 1675ರಲ್ಲಿ ಪ್ಯಾರಿಸ್ಸಿನ ಖಗೋಳಜ್ಞ ಪಿಕಾರ್ ಕತ್ತಲಲ್ಲಿ ವಾಯುಭಾರಮಾಪಕವನ್ನು ಹೊತ್ತು ಹೋಗುವಾಗ ಅದರೊಳಗಿನ ಪಾದರಸದ ಮೇಲೆ ಮಂಕು ಬೆಳಕು ಕಂಡಿತ್ತು. ಆ ಬೆಳಕು ಬಂದದ್ದೆಲ್ಲಿಂದ? ಅದನ್ನು ಹುಡುಕುತ್ತ ಹಾಕ್ಸ್‌ಬೀ ಗಾಜಿನ ಗೋಳದೊಳಗಿನ ಗಾಳಿ ಹೊರಗೆಳೆದು, ಸಾಣೆಚಕ್ರದ ಹಾಗೆ ಗರಗರ ತಿರುಗಿಸಿ, ಅದರ ಮೇಲೆ ಬರಿಗೈ ಇಟ್ಟರು. ಗೋಳದ ತುಂಬ ನೇರಳೆ ಬೆಳಕು! ದೊಡ್ಡಕ್ಷರದ ಪುಸ್ತಕ ಓದುವಷ್ಟು. ಗಾಳಿ ಒಳಗೆ ಬಿಟ್ಟರೆ ಆ ಬೆಳಕು ಕುಗ್ಗುತ್ತಿತ್ತು.

ಕಾರಣ ಈಗ ಗೊತ್ತು. ಉಜ್ಜಿದಾಗ ಒಂದು ಮೈಯಿಂದ ಇನ್ನೊಂದಕ್ಕೆ ವಿದ್ಯುದಾವೇಶ ಹೋಗುತ್ತದೆ. ಅದರ ಸೆಳೆತಕ್ಕೆ ಓಡುವ ಎಲೆಕ್ಟ್ರಾನುಗಳು ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ಅವುಗಳಿಂದ ಬೆಳಕು ಹೊರಡಿಸುತ್ತವೆ. ಗಾಳಿ ತೆಳುವಾಗಿದ್ದರೆ ಎಲೆಕ್ಟ್ರಾನಿಗೆ ಓಡಲು ಜಾಗ ಹೆಚ್ಚು. ನಿಯಾನ್ ಬೋರ್ಡು ಉರಿಯುವುದೂ ಇದೇ ರೀತಿ. ಆ ಬೆಳಕನ್ನು ತೋರಿಸಿಕೊಟ್ಟ ಹಾಕ್ಸ್‌ಬೀಗೆ ಸೊಸೈಟಿ ಕಾಯಂ ಹುದ್ದೆ ಕೊಡಲೇ ಇಲ್ಲ. 1713ರಲ್ಲಿ ತೀರಿಕೊಂಡರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಪ್ಲಾಸ್ಟಿಕ್ ಬಂದ ಮೇಲೆ ಗಾಜಿನ ಗೋಳ ಬೇಕಾಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯದ ಕಾರಣ, ಉಜ್ಜಿದ ಆವೇಶ ಮೈಮೇಲೇ ನಿಂತುಬಿಡುತ್ತದೆ. ಎರಡು ಬಗೆಯ ಪ್ಲಾಸ್ಟಿಕ್ ತಿಕ್ಕಿ ಬೇರ್ಪಡಿಸಿದರೆ ಕತ್ತಲಲ್ಲಿ ಮಿನುಗು. ಅಂಟುಟೇಪನ್ನು ಸುರುಳಿಯಿಂದ ಸರ್ರನೆ ಎಳೆದರೂ, ಎಳೆದ ಗೆರೆಯುದ್ದಕ್ಕೂ ತೆಳು ನೀಲಿ ಹೊಳೆಯುತ್ತದೆ. ಕಣ್ಣು ಕತ್ತಲಿಗೆ ಒಗ್ಗುವತನಕ ಕಾಯಬೇಕು, ಅಷ್ಟೇ.

2008ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದೇ ಟೇಪನ್ನು ನಿರ್ವಾತದಲ್ಲಿ ಎಳೆದರು. ಹೊರಟದ್ದು ಎಕ್ಸ್-ರೇ! ಅದರಿಂದ ಬೆರಳಿನ ಮೂಳೆಯ ಚಿತ್ರವನ್ನೂ ತೆಗೆದರು. ಆದರೂ ಉಜ್ಜಿದಾಗ ಪ್ಲಾಸ್ಟಿಕ್ಕಿನಿಂದ ಪ್ಲಾಸ್ಟಿಕ್ಕಿಗೆ ದಾಟುವುದು ಎಲೆಕ್ಟ್ರಾನೋ, ಆವೇಶ ಹೊತ್ತ ಅಣುವಾದ ಅಯಾನೋ, ಪ್ಲಾಸ್ಟಿಕ್ಕಿನದೇ ಸಣ್ಣ ಚೂರೋ ಎಂಬ ವಾದ ವಿಜ್ಞಾನಿಗಳಲ್ಲಿ ಇಂದಿಗೂ ನಡೆದೇ ಇದೆ.