ಹೂವಿನ ಹೆಸರು, ಮನುಷ್ಯರ ಹೆಸರು



ಮಳೆಗಾಲ ಬಂದಿತೆಂದರೆ ನಮ್ಮ ಅನೇಕ ಮನೆಗಳ ಅಂಗಳದಲ್ಲಿ ಒಂದು ಹೂವು ಅರಳುತ್ತದೆ. ರಾತ್ರಿ ಎಂಟು ಒಂಬತ್ತರ ಸುಮಾರಿಗೆ ಮೊಗ್ಗು ಬಾಯಿ ಬಿಡುತ್ತದೆ. ನಡುರಾತ್ರಿಯ ಹೊತ್ತಿಗೆ ಅಂಗೈಗಿಂತ ಅಗಲವಾಗಿ, ಹಾಲಿನಂತೆ ಬೆಳ್ಳಗೆ ಬಿರಿಯುತ್ತದೆ. ಬೆಳಗಾಗುವಷ್ಟರಲ್ಲಿ ಕೊರಳು ಬಾಗಿ ಬಾಡುತ್ತದೆ. ಇದನ್ನು ಬ್ರಹ್ಮಕಮಲವೆಂದು ಕರೆಯುತ್ತೇವೆ. ಅರಳುವಾಗ ಬೇಡಿದ್ದು ಸಿದ್ಧಿಸುತ್ತದೆಂದು ಆರತಿ ಎತ್ತುವವರೂ ಉಂಟು. ಇದು ನಿಜವೇ ಎಂದು ಭಕ್ತರು ನಮ್ಮನ್ನು ಕೇಳುತ್ತಾರೆ. ಈ ಹೊತ್ತು ಅದನ್ನೇ ವಿಚಾರ ಮಾಡೋಣ.

ಮೊದಲು ಹೆಸರು. ಶಾಸ್ತ್ರಕಾರರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಂಗಡಿಸುತ್ತಾರೆ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು. ಕೆಸರಿನಲ್ಲಿ ಹುಳುವೂ ಹುಟ್ಟುತ್ತದೆ, ಹುಲ್ಲೂ ಹುಟ್ಟುತ್ತದೆ. ಆದರೂ ಪಂಕಜವೆಂದರೆ ತಾವರೆಯೊಂದೇ. ಅದು ಯೋಗರೂಢ. ನಮ್ಮ ಅಂಗಳದ ಬ್ರಹ್ಮಕಮಲದಲ್ಲಾದರೋ ಯೋಗವಿಲ್ಲ, ಬರಿಯ ರೂಢಿ ಮಾತ್ರ. ಅದು ಕಮಲದ ಜಾತಿಯದಲ್ಲ, ಕಳ್ಳಿಯ ಜಾತಿಯದು, ಪಾಪಾಸುಕಳ್ಳಿಯ ಬಂಧು. ಅದರ ತವರು ಅಮೆರಿಕಾ ಖಂಡದ ಮೆಕ್ಸಿಕೊ, ಗ್ವಾಟೆಮಾಲಾ ಮುಂತಾದ ನಾಡುಗಳ ಕಾಡು. ಆ ಖಂಡದ ಗಿಡಕ್ಕೆ ನಮ್ಮ ಪುರಾಣದಲ್ಲಿ ಫಲಶ್ರುತಿ ಎಲ್ಲಿಂದ ಬಂದೀತು?

ಬ್ರಹ್ಮಕಮಲವೆಂಬ ಹೆಸರಿನ ಬೇರೊಂದು ಹೂವು ಹಿಮಾಲಯದಲ್ಲಿದೆ. ಸುಮಾರು 3,700ರಿಂದ 4,600 ಮೀಟರ್ ಎತ್ತರದ ಬಂಡೆಗಳ ನಡುವೆ ಅದು ಬೆಳೆಯುತ್ತದೆ. ಉತ್ತರಾಖಂಡವು ಅದನ್ನು ತನ್ನ ರಾಜ್ಯಪುಷ್ಪವಾಗಿ ಮಾಡಿಕೊಂಡಿದೆ. ಅದೂ ಕಮಲವಲ್ಲ, ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದ್ದು. ಕೇದಾರ ಬದರಿಗಳಲ್ಲಿ ಅದನ್ನು ದೇವರಿಗೆ ಏರಿಸುತ್ತಾರೆ. ಭಕ್ತಿಯ ಹೆಸರಿನಲ್ಲಿ ಮಿತಿಮೀರಿ ಕಿತ್ತದ್ದೂ ಅದು ವಿರಳವಾಗಲು ಒಂದು ಕಾರಣ.

ಹೆಸರಿಡುವಲ್ಲಿ ಪಾಮರರು ಮಾತ್ರ ತಪ್ಪಿದರೆಂದು ತಿಳಿಯಬೇಡಿ. 1812ರಲ್ಲಿ ಹಾವರ್ತ್ ಎಂಬ ಆಂಗ್ಲ ಪಂಡಿತನು ಈ ಕುಲಕ್ಕೆ ಎಪಿಫಿಲಮ್ ಎಂದು ಹೆಸರಿಟ್ಟನು. ಎಲೆಯ ಮೇಲಿನದು ಎಂಬುದು ಆ ಗ್ರೀಕ್ ಮೂಲದ ಶಬ್ದದ ಅರ್ಥ. ಹೂವು ಎಲೆಯಿಂದ ಹುಟ್ಟಿದಂತೆ ತೋರುತ್ತದಲ್ಲವೇ? ಆದರೆ ನಾವು ಎಲೆಯೆಂದು ಕಾಣುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಹೀಗೆ ಅಲ್ಲಿಯ ಹೆಸರೂ ತೋರಿಕೆಯದು, ಇಲ್ಲಿಯ ಹೆಸರೂ ತೋರಿಕೆಯದು. ಹೂವು ಮಾತ್ರ ಯಾವ ಹೆಸರಿಗೂ ಕಾಯದೆ ತನ್ನ ಹೊತ್ತಿಗೆ ಅರಳುತ್ತದೆ.

ಇನ್ನೊಂದು ವಿಶೇಷವನ್ನು ನೋಡಿ. ತವರಿನ ಕಾಡಿನಲ್ಲಿ ಈ ಗಿಡ ಮರಗಳ ಮೇಲೆ ಬೆಳೆಯುತ್ತದೆ. ನಮ್ಮ ಮಾವಿನ ಮರದ ಮೇಲೆ ಬಂದಳಿಕೆಯೂ ಬೆಳೆಯುತ್ತದೆ. ನೋಡುವವರಿಗೆ ಎರಡೂ ಒಂದೇ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ಅದರ ಸಾರವನ್ನು ಹೀರುತ್ತದೆ. ಈ ಗಿಡವಾದರೋ ತೊಗಟೆಯ ಸಂದಿನಲ್ಲಿ ಕೊಳೆತ ಎಲೆ, ಮಳೆಯ ನೀರು ಇವುಗಳಿಂದಲೇ ಬದುಕುತ್ತದೆ. ಮರದಿಂದ ಪಡೆಯುವುದು ನಿಲ್ಲಲು ಒಂದು ನೆಲೆಯನ್ನು ಮಾತ್ರ. ಆಶ್ರಯ ಬೇರೆ, ಶೋಷಣೆ ಬೇರೆ. ಮಠಗಳಲ್ಲಿರುವ ನಾವೂ ಈ ಭೇದವನ್ನು ದಿನವೂ ನೆನೆಯಬೇಕು.

ಇಷ್ಟು ಹೊತ್ತು ಹೂವಿನ ಹೆಸರಿನ ಮಾತಾಯಿತು. ಗಿಡಕ್ಕೆ ತಪ್ಪು ಹೆಸರಿಟ್ಟರೆ ಗಿಡಕ್ಕೇನೂ ನೋವಿಲ್ಲ. ಮನುಷ್ಯರಿಗೆ ತಪ್ಪು ಹೆಸರಿಟ್ಟರೆ?

ಒಮ್ಮೆ ಪೂಜೆ ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬಳು ನಮ್ಮ ಮುಂದೆ ಬಂದು ನಿಂತಳು. "ಬುದ್ಧೀ, ಆ ಗಿಡಕ್ಕೆ ದಿನಾ ನೀರು ಹಾಕೋಳು ನಾನು. ಹೂವರಳಿದ ರಾತ್ರಿ ಆರತಿಗೆ ಮುತ್ತೈದೆಯರನ್ನ ಕರೆದರು. ನನಗೆ ಒಳಗೇ ಇರು ಅಂದರು. ಬೆಳಿಗ್ಗೆ ಹೋಗಿ ಬಾಡಿದ ಹೂವ ನೋಡಿದೆ. ನಾನು ಕಂಡಿದ್ರೆ ಅದಕ್ಕೆ ಮೈಲಿಗೆ ಆಗ್ತಿತ್ತಾ ಬುದ್ಧೀ?" ಎಂದು ಕೇಳಿದಳು.

ತಾಯಂದಿರೇ, ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಗಂಡ ಲಿಂಗೈಕ್ಯನಾದನೆಂದು ಹೆಂಡತಿಯ ಕೊರಳಿನ ಇಷ್ಟಲಿಂಗವನ್ನು ಯಾರೂ ತೆಗೆಯುವುದಿಲ್ಲ. ಲಿಂಗವೇ ಪತಿ, ಶರಣರೆಲ್ಲ ಸತಿಯೆಂಬುದು ನಮ್ಮ ಸಿದ್ಧಾಂತ. ಆ ಪತಿಗೆ ಮರಣವಿಲ್ಲ. ಹಾಗಿರುವಾಗ ಲಿಂಗವಂತರ ಮನೆಯಲ್ಲಿ ವಿಧವೆಯೆಂಬ ಶಬ್ದಕ್ಕೆ ಅರ್ಥವೆಲ್ಲಿಯದು? ಅಮಂಗಲೆಯೆಂಬುದಕ್ಕೆ ಯೋಗವೂ ಇಲ್ಲ. ರೂಢಿಯೊಂದೇ ಇದೆ, ಅದೂ ಕೆಟ್ಟ ರೂಢಿ. ಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಕಳೆದರು. ಅವರು ಹೊರಗೆ ಹಾಕಿದ್ದನ್ನು ನಾವು ಒಂದು ಹೂವಿನ ನೆಪದಲ್ಲಿ ಒಳಗೆ ತರಬಹುದೇ? ಮಗನ ಮನೆಯಲ್ಲಿರುವ ತಾಯಿಯನ್ನು ಬಂದಳಿಕೆಯಂತೆ ಕಾಣುವವರು ನಾವು ಹೇಳಿದ ಭೇದವನ್ನು ಇನ್ನೊಮ್ಮೆ ಯೋಚಿಸಲಿ. ಆಕೆ ಕೇಳುವುದು ನೆಲೆಯೊಂದನ್ನೇ. ನೀರೆರೆಯುವ ಕಾಯಕವನ್ನು ತಾನೇ ಮಾಡುತ್ತಾಳೆ.

ಹಾಗಾದರೆ ಹೂವನ್ನು ಪೂಜಿಸಬಾರದೇ? ಇಷ್ಟಲಿಂಗಕ್ಕೆ ಏರಿಸುವ ಮನಸ್ಸಿದ್ದರೆ ಏರಿಸಿರಿ; ಗಿಡದಲ್ಲೇ ಬಿಟ್ಟರೂ ದೋಷವಿಲ್ಲ. ವರ ಕೊಡುವ ಶಕ್ತಿ ಹೂವಿಗಿಲ್ಲ. ಆ ಬಿಳುಪು, ಆ ಗಂಧ ಇರುಳಲ್ಲಿ ಹಾರುವ ಪತಂಗಗಳನ್ನು ಕರೆಯಲು ಸೃಷ್ಟಿ ಮಾಡಿದ ಏರ್ಪಾಡು. ಅದನ್ನು ಕಂಡು ಬೆರಗಾಗುವುದೂ ಒಂದು ಭಕ್ತಿಯೇ.

ಈ ಗಿಡವನ್ನು ನಿಮ್ಮಲ್ಲಿ ಬಹಳ ಜನ ಹಣ ಕೊಟ್ಟು ತಂದವರಲ್ಲ. ನೆರೆಮನೆಯವರು ಒಂದು ತುಂಡು ಮುರಿದು ಕೊಟ್ಟರು, ನೀವು ಮಣ್ಣಿಗೆ ಊರಿದಿರಿ, ಅದು ಚಿಗುರಿತು. ಕೊಡುವುದರಿಂದಲೇ ಹಬ್ಬಿದ ಗಿಡವಿದು. ಅದರ ಹೂವು ಅರಳಿದ ರಾತ್ರಿ ಯಾರಿಗೂ ಬಾಗಿಲು ಮುಚ್ಚಬೇಡಿರಿ. ಮುಂದಿನ ಮೊಗ್ಗು ಬಿರಿಯುವಾಗ ಮನೆಯ ಹಿರಿಯ ತಾಯಿಯನ್ನು ಕೈಹಿಡಿದು ಮೊದಲು ಕರೆತನ್ನಿರಿ. ದೀಪ ಹಚ್ಚುವುದಾದರೆ ಆಕೆಯ ಕೈಯಿಂದಲೇ ಹಚ್ಚಿಸಿರಿ.