ಮೊದಲು "ಕರ್ನಾಟಕ ರಾಜ್ಯೋತ್ಸವ" ಅಂತ ಟೈಪ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ!

(ಚಾಮರಾಜಪೇಟೆಯ ಮುದ್ರಣಾಲಯವೊಂದರ ಮಾಲೀಕರು ಬಸವನಗುಡಿಯಲ್ಲಿ ಕನ್ನಡ ಯುವಕರ ಮುಂದೆ ಆಡಿದ ಮಾತು)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಓದಿದ್ದು ಪಿಯುಸಿ. ಅದು ಮುಗಿದ ಮೇಲೆ ಸೀದಾ ಚಾಮರಾಜಪೇಟೆಯಲ್ಲಿ ನಮ್ಮಪ್ಪನ ಪ್ರೆಸ್ಸಿಗೆ ಹೋಗಿ ಕೂತವನು ಇವತ್ತಿನವರೆಗೂ ಎದ್ದಿಲ್ಲ. ಕರಪತ್ರ, ಲಗ್ನಪತ್ರಿಕೆ, ಬಿಲ್ ಬುಕ್ಕು, ರಸೀದಿ ಪುಸ್ತಕ, ಇದೇ ನನ್ನ ಪ್ರಪಂಚ. "ಪ್ರೆಸ್ಸಿನವನಿಗೂ ವಿಡಿಯೊ ಎಡಿಟಿಂಗಿಗೂ ಎತ್ತಣಿಂದೆತ್ತ ಸಂಬಂಧ?" ಅಂತ ನೀವು ಕೇಳಬಹುದು. ಸಂಬಂಧ ಹೊಟ್ಟೆಪಾಡಿನದು. ಮುಂಚೆ 500 ಲಗ್ನಪತ್ರಿಕೆ ಹಾಕಿಸುತ್ತಿದ್ದ ಮನೆಯವರು ಈಗ 100 ಹಾಕಿಸುತ್ತಾರೆ. "ದೇವರ ಮುಂದೆ ಇಡೋಕೆ, ಹತ್ತಿರದ ನೆಂಟರಿಗೆ ಕೊಡೋಕೆ ಇಷ್ಟು ಸಾಕು ಸಾರ್. ಉಳಿದವರಿಗೆ ವಾಟ್ಸಾಪಲ್ಲಿ ಕಳಿಸೋಕೆ ಒಂದು ವಿಡಿಯೊ ಮಾಡಿಕೊಡಿ" ಅಂತಾರೆ. ಆಗೋದಿಲ್ಲ ಅಂದರೆ ಆ 100 ಪತ್ರಿಕೆಯ ಕೆಲಸವೂ ಬೇರೆ ಅಂಗಡಿಗೆ ಹೋಗುತ್ತದೆ. ಹಾಗಾಗಿ ನಲವತ್ತು ದಾಟಿದ ಮೇಲೆ ಈ ವಿದ್ಯೆ ಕಲಿತೆ. ಕಲಿಯುವಾಗ ಬಿದ್ದ ಪೆಟ್ಟುಗಳನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಕಳೆದ ವರ್ಷ ಅಕ್ಟೋಬರ್ ಕೊನೆಯಲ್ಲಿ ನಮ್ಮ ಏರಿಯಾದ ನಾಲ್ಕು ಹುಡುಗರು ಪ್ರೆಸ್ಸಿಗೆ ಬಂದರು. ರಾಜ್ಯೋತ್ಸವದ ಬ್ಯಾನರಿನ ಜೊತೆಗೆ ಅವರೇ ತಯಾರಿಸಿದ್ದ ಒಂದು ವಿಡಿಯೊ ತೋರಿಸಿದರು. ಹಾಡು ಚೆನ್ನಾಗಿತ್ತು, ಡೊಳ್ಳು ಕುಣಿತ ಚೆನ್ನಾಗಿತ್ತು. ಆದರೆ ತಾಯಿ ಭುವನೇಶ್ವರಿಯ ಮುಖದ ಮೇಲೆ ಅಡ್ಡಡ್ಡಲಾಗಿ ಒಂದು ಕಂಪನಿಯ ಹೆಸರು, ಅದೂ ಇಂಗ್ಲಿಷಿನಲ್ಲಿ! ಕೆಳಗೆ ದೊಡ್ಡ ಅಕ್ಷರದಲ್ಲಿ "ಕರ್‌ನಾಟಕ ರಾಜ್‌ಯೋತ್‌ಸವ". ಅರ್ಕಾವತ್ತು ಇಲ್ಲ, ಯಕಾರದ ಒತ್ತು ಇಲ್ಲ, ಸಕಾರದ ಒತ್ತೂ ಇಲ್ಲ. ಅಂಗಡಿ ಬೋರ್ಡಿನಲ್ಲಿ ಕನ್ನಡ ಚಿಕ್ಕದಾಗಿದೆ ಅಂತ ಬೀದಿಗೆ ಇಳಿಯುವ ಹುಡುಗರು ಇವರು. ನಾಡಿನ ಹೆಸರೇ ಮುರಿದು ಬಿದ್ದಿದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಒಬ್ಬ ಹುಡುಗ ಹೇಳಿದ: "ಅಣ್ಣಾ, ಇದು ಟ್ರಯಲ್ ವರ್ಷನ್. ಫುಲ್ ವರ್ಷನ್ ತಗೊಂಡರೆ ಎಲ್ಲಾ ಸರಿಹೋಗುತ್ತೆ."

ಇದೇ ಮಾತನ್ನು ನಂಬಿ ನಾನೂ ಮೋಸಹೋಗಿದ್ದೆ. ಒಂದು ತಂತ್ರಾಂಶದ ಟ್ರಯಲ್ ಹಾಕಿಕೊಂಡೆ. ನೀರುಗುರುತು ಬಂತು, ಅಂದರೆ ನೀವು ವಾಟರ್‌ಮಾರ್ಕ್ ಅನ್ನುತ್ತೀರಲ್ಲ, ಅದು. ಒತ್ತಕ್ಷರಗಳೂ ಒಡೆದವು. ಎರಡೂ ಟ್ರಯಲ್‌ನ ಕಾಟವೇ ಇರಬೇಕು ಅಂದುಕೊಂಡು ದುಡ್ಡು ಕಟ್ಟಿದೆ. ನೀರುಗುರುತು ಹೋಯಿತು, ಒತ್ತಕ್ಷರ ಒಡೆದದ್ದು ಒಡೆದಂತೆಯೇ ಇತ್ತು! ವಾಪಸ್ ಕೊಡಿ ಅಂತ ಕಂಪನಿಗೆ ಬರೆದರೆ, ಅವಧಿ ಮುಗಿದಿದೆ ಅಂತ ಉತ್ತರ ಬಂತು. ಆ ಸಲ ಲಗ್ನದ ವಿಡಿಯೊದಲ್ಲಿ "ಲಕ್ಷ್ಮೀ" ಅನ್ನುವ ಮದುಮಗಳ ಹೆಸರೇ ಮೂರು ತುಂಡಾಗಿತ್ತು. ಅವರ ತಂದೆಗೆ ಮುಂಗಡ ಹಣ ಹಿಂದಿರುಗಿಸಿದೆ.

ಗೆಳೆಯರೇ, ಕಂಪನಿಯವನು ಟ್ರಯಲ್‌ನಲ್ಲಿ ಬೇಕೆಂದು ಬೀಗ ಹಾಕುವುದು ಒಂದು. ಆ ತಂತ್ರಾಂಶಕ್ಕೆ ಕನ್ನಡವೇ ಬಾರದಿರುವುದು ಇನ್ನೊಂದು. ಮೊದಲನೆಯದು ದುಡ್ಡು ಕೊಟ್ಟರೆ ತೆರೆಯುತ್ತದೆ. ಎರಡನೆಯದಕ್ಕೆ ನೀವು ಲಕ್ಷ ಸುರಿದರೂ ಅಷ್ಟೇ.

ಬೀಗಗಳಲ್ಲಿ ನಾನಾ ನಮೂನೆ. ಫಿಲ್ಮೋರಾದಲ್ಲಿ ದಿನದ ಲೆಕ್ಕಕ್ಕಿಂತ ನೀರುಗುರುತಿನ ಕಾಟ. ಎಡಿಟ್ ಎಷ್ಟು ಬೇಕಾದರೂ ಮಾಡಿ, ಹೊರಗೆ ತೆಗೆಯುವಾಗ ಮುದ್ರೆ ಒತ್ತಿ ಕಳಿಸುತ್ತದೆ. ಅಡೋಬಿಯವರ ಪ್ರೀಮಿಯರ್‌ನಲ್ಲಿ 7 ದಿನ ಎಲ್ಲವೂ ತೆರೆದಿರುತ್ತದೆ, ಮುದ್ರೆ ಇಲ್ಲ. ಆದರೆ ಶುರುವಿನಲ್ಲೇ ಕಾರ್ಡ್ ನಂಬರು ಕೊಡಬೇಕು. ಎಂಟನೆಯ ದಿನ ಮರೆತಿರೋ, ಕಂತು ಶುರು. ಮ್ಯಾಕ್ ಇರುವವರಿಗೆ ಆಪಲ್‌ನವರು 2020ರಲ್ಲಿ, ಕೊರೋನಾ ಕಾಲದಲ್ಲಿ, ಫೈನಲ್ ಕಟ್‌ನ ಟ್ರಯಲ್ಲನ್ನು 30 ದಿನದಿಂದ 90 ದಿನಕ್ಕೆ ಏರಿಸಿದರು. ನನ್ನ ಹತ್ತಿರ ಮ್ಯಾಕ್ ಇಲ್ಲ, ಅದರ ಬಗ್ಗೆ ಹೆಚ್ಚು ಹೇಳಲಾರೆ.

ಡಾವಿಂಚಿ ರಿಸಾಲ್ವ್‌ನದು ಬೇರೆ ದಾರಿ. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯದು. ಅದರ ಪುಕ್ಕಟೆ ಆವೃತ್ತಿಗೆ ದಿನದ ಗಡುವೇ ಇಲ್ಲ. ಅಲ್ಟ್ರಾ ಎಚ್‌ಡಿವರೆಗೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಹೊರಗೆ ತೆಗೆಯಬಹುದು. ನಮ್ಮ ನಿಮ್ಮ ರಾಜ್ಯೋತ್ಸವಕ್ಕೆ, ಲಗ್ನಕ್ಕೆ ಅದಕ್ಕಿಂತ ಹೆಚ್ಚು ಏನು ಬೇಕು? ಪೂರ್ತಿ ಆವೃತ್ತಿಗೆ "ಸ್ಟುಡಿಯೊ" ಅಂತ ಹೆಸರು, ಬೆಲೆ 295 ಡಾಲರ್, ನಮ್ಮ ದುಡ್ಡಿನಲ್ಲಿ 25 ಸಾವಿರ ದಾಟುತ್ತದೆ. ಕೊಟ್ಟರೆ ಒಂದೇ ಸಲ, ತಿಂಗಳ ಕಂತಿಲ್ಲ. ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು ಅಳಿಸುವಂಥ ಕೆಲವು ಸೌಲಭ್ಯ ಅದರಲ್ಲಿ ಮಾತ್ರ. ಪುಕ್ಕಟೆಯದರಲ್ಲಿ ಆ ಪರಿಣಾಮಗಳನ್ನು ಬಳಸಹೋದರೆ ಆಗ ನೀರುಗುರುತು ಬರುತ್ತದೆ. ಮುಟ್ಟದಿದ್ದರೆ ಬರೋದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ "ಅದರಲ್ಲೂ ಮುದ್ರೆ ಬರುತ್ತೆ" ಅಂತ ಬಿಟ್ಟುಬಿಟ್ಟಿದ್ದಾರೆ. ಇನ್ನು ಕೆಡೆನ್‌ಲೈವ್, ಶಾಟ್‌ಕಟ್ ಇವೆ. ಇವು ಮುಕ್ತ ತಂತ್ರಾಂಶ. ಟ್ರಯಲ್ಲೂ ಇಲ್ಲ, ಫುಲ್ಲೂ ಇಲ್ಲ, ಇರುವುದೆಲ್ಲಾ ಪೂರ್ತಿಯೇ.

ಈಗ ಕನ್ನಡದ ವಿಷಯಕ್ಕೆ ಬರೋಣ. ನಮ್ಮಪ್ಪನ ಕಾಲದಲ್ಲಿ ಸೀಸದ ಮೊಳೆ. ಕಂಪೋಸಿಟರು ಅಕ್ಷರದ ಮೊಳೆ ಒಂದು ಮನೆಯಿಂದ, ಒತ್ತಿನ ಮೊಳೆ ಇನ್ನೊಂದು ಮನೆಯಿಂದ ತೆಗೆದು ಜೋಡಿಸುತ್ತಿದ್ದರು. ಒತ್ತು ಎಲ್ಲಿ ಕೂರಬೇಕು, ಅರ್ಕಾವತ್ತು ಯಾವ ಅಕ್ಷರ ಆದಮೇಲೆ ಬರಬೇಕು ಅನ್ನುವ ತಿಳಿವಳಿಕೆ ಅವರ ಕೈಬೆರಳಲ್ಲಿ ಇತ್ತು. ಕಂಪ್ಯೂಟರಿನಲ್ಲೂ ಒಬ್ಬ ಕಂಪೋಸಿಟರ್ ಬೇಕು. ಯೂನಿಕೋಡ್‌ನಲ್ಲಿ "ಕರ್ನಾಟಕ" ಅಂತ ಬರೆದರೆ ಒಳಗೆ ಏಳು ಸಂಕೇತ ಇರುತ್ತವೆ: ಕ, ರ, ಹಲಂತದ ಗುರುತು, ನ, ದೀರ್ಘದ ಗುರುತು, ಟ, ಕ. ಅವನ್ನು ಓದಿ, ರಕಾರವನ್ನು ಅರ್ಕಾವತ್ತು ಮಾಡಿ ನಕಾರದ ಬಲಕ್ಕೆ ಕೂರಿಸುವ ಕೆಲಸ ತಂತ್ರಾಂಶದ ಒಳಗಿರುವ ಒಂದು ಯಂತ್ರದ್ದು. ಹಾರ್ಫ್‌ಬಜ್ ಅಂತ ಅಂಥದ್ದೊಂದು ಯಂತ್ರವಿದೆ, ಮುಕ್ತವಾಗಿ ಪುಕ್ಕಟೆ ಸಿಗುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲಾ ಕನ್ನಡ ತೋರಿಸುವುದು ಅದರಿಂದಲೇ. ಪುಕ್ಕಟೆ ಸಿಗುವುದನ್ನು ಸೇರಿಸಿಕೊಳ್ಳದೆ ಸಾವಿರಾರು ರೂಪಾಯಿಗೆ ತಂತ್ರಾಂಶ ಮಾರುವವನಿಗೆ ಏನನ್ನಬೇಕು? ಕನ್ನಡಿಗ ಗಿರಾಕಿ ಕೇಳೋದಿಲ್ಲ ಅಂತ ಅವನಿಗೆ ಧೈರ್ಯ!

ಕೆಲವು ಕಡೆ ಯಂತ್ರ ಇದ್ದೂ ಮಲಗಿರುತ್ತದೆ. ನಾನು ನೋಡಿದ ಪ್ರೀಮಿಯರ್ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್ ಅನ್ನುವ ಕಡೆ ಟೆಕ್ಸ್ಟ್ ಎಂಜಿನ್ ಅನ್ನು "ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್" ಅಂತ ಬದಲಾಯಿಸಬೇಕು. ಇದು ತಿಳಿಯುವ ಹೊತ್ತಿಗೆ 7 ದಿನದಲ್ಲಿ 5 ದಿನ ಕಳೆದಿರುತ್ತದೆ.

ಅದಕ್ಕೇ ನನ್ನ ಕೋರಿಕೆ. ಪ್ರೆಸ್ಸಿನಲ್ಲಿ ಪ್ರೂಫ್ ನೋಡದೆ ಯಾರಾದರೂ ಸಾವಿರ ಪ್ರತಿ ಹೊಡೆಯುತ್ತಾರಾ? ಟ್ರಯಲ್ ಅಂದರೆ ನಿಮ್ಮ ಪ್ರೂಫು. ಹಾಕಿಕೊಂಡ ಮೊದಲ ಹತ್ತು ನಿಮಿಷದಲ್ಲಿ, ಆ ಎಫೆಕ್ಟು ಈ ಎಫೆಕ್ಟು ನೋಡುವ ಮುಂಚೆ, "ಕರ್ನಾಟಕ ರಾಜ್ಯೋತ್ಸವ" ಅಂತ ಟೈಪ್ ಮಾಡಿ. ಆ ಎರಡೇ ಮಾತಿನಲ್ಲಿ ಅರ್ಕಾವತ್ತೂ ಇದೆ, ಒತ್ತೂ ಇದೆ, ಓಕಾರದ ಕೊಂಬೂ ದೀರ್ಘವೂ ಇವೆ. ಆಮೇಲೆ "ಸ್ತ್ರೀ", "ರಾಷ್ಟ್ರಕವಿ", "ಲಕ್ಷ್ಮೀ". ಕೊನೆಗೆ "ಬ್ಯಾಂಕ್‌ನಲ್ಲಿ" ಅಂತ ಹಾಕಿ ನೋಡಿ, ಅಲ್ಲಿ ಒತ್ತು ಬರಬಾರದು, ಬಂದರೆ ತಪ್ಪು. ಪರದೆಯ ಮೇಲೆ ಸರಿಯಿದ್ದರೆ ಸಾಲದು, ಹೊರಗೆ ತೆಗೆದು ಫೋನಿನಲ್ಲಿ ನೋಡಿ. ಅಕ್ಷರ ಒಂದೊಂದಾಗಿ ಹಾರಿ ಬರುವ ಅನಿಮೇಷನ್ ಹಾಕಿದರೆ ಕೆಲವು ತಂತ್ರಾಂಶ ಒತ್ತನ್ನು ಒಂದು ಕಡೆಗೂ ಅಕ್ಷರವನ್ನು ಇನ್ನೊಂದು ಕಡೆಗೂ ಹಾರಿಸುತ್ತವೆ. ಅದನ್ನೂ ಪರೀಕ್ಷೆ ಮಾಡಿ. ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಇಂಥ ಮುಕ್ತ ಯೂನಿಕೋಡ್ ಫಾಂಟ್ ಹಾಕಿಕೊಳ್ಳಿ. ಫಾಂಟೇ ಕೆಟ್ಟದ್ದಿದ್ದರೆ ತಂತ್ರಾಂಶವನ್ನು ಬೈದು ಪ್ರಯೋಜನವಿಲ್ಲ.

"ಅಣ್ಣಾ, ನುಡಿ ಫಾಂಟ್ ಹಾಕಿದರೆ ಎಲ್ಲಾ ಕಡೆ ಸರಿ ಬರುತ್ತಲ್ಲಾ?" ಅಂತ ಯಾರೋ ಹಿಂದಿನ ಸಾಲಿನಲ್ಲಿ ಗೊಣಗುತ್ತಿದ್ದೀರಿ. ನಿಜ. ನಾನೂ ಅನೇಕ ಸಲ ಹಾಗೇ ಮಾಡುತ್ತೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒತ್ತು ಒಂದು ಬೇರೆ ತುಣುಕಾಗಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ, ನಮ್ಮಪ್ಪನ ಮೊಳೆಯ ಹಾಗೆ. ಆದ್ದರಿಂದ ಯಾವ ತಂತ್ರಾಂಶದಲ್ಲೂ ಚಿತ್ರ ಸರಿ ಕಾಣುತ್ತದೆ. ಆದರೆ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನೇ ಎತ್ತಿ ಯೂಟ್ಯೂಬಿನ ವಿವರಣೆಯಲ್ಲಿ ಹಾಕಿದರೆ, ಸಬ್‌ಟೈಟಲ್ ಕಡತ ಮಾಡಿದರೆ, ಬರೀ ಕಸ ಕಾಣುತ್ತದೆ. ಹುಡುಕಿದರೆ ಸಿಗುವುದೂ ಇಲ್ಲ.

ನುಡಿಯ ಹೆಸರು ಬಂದಿದ್ದರಿಂದ ಒಂದು ಮಾತು. ನಾನು ಪ್ರೆಸ್ಸಿಗೆ ಬಂದಾಗ ಪೇಜ್‌ಮೇಕರ್ ಕಾಲ. ಕನ್ನಡ ತಂತ್ರಾಂಶಕ್ಕೆ ಒಂದೊಂದು ಕಂಪನಿಯದು ಒಂದೊಂದು ಸಂಕೇತ, ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆಯದು. ಕಂಪ್ಯೂಟರಿನ ಹಿಂದೆ ಡಾಂಗಲ್ ಅನ್ನುವ ಬೆಂಕಿಪೊಟ್ಟಣದಂಥ ಬೀಗ ಸಿಕ್ಕಿಸಿದರೆ ಮಾತ್ರ ಕೆಲಸ. ಅದು ಕೆಟ್ಟರೆ ಪ್ರೆಸ್ಸಿಗೆ ರಜೆ! 1998ರಲ್ಲಿ ಶೇಷಾದ್ರಿವಾಸು ಅವರು ಬರಹವನ್ನು ಹೊರತಂದರು. ಆಮೇಲೆ ನಮ್ಮ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನವರು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಟ್ಟುಕೊಂಡು ನುಡಿ ಮಾಡಿದರು, ಸರ್ಕಾರ ಅದನ್ನು ಪುಕ್ಕಟೆ ಹಂಚಿತು. ನನ್ನಂಥ ಸಣ್ಣ ಪ್ರೆಸ್ಸಿನವರು ಉಸಿರಾಡಿದ್ದು ಆಗ. ವಿಡಿಯೊ ತಂತ್ರಾಂಶಕ್ಕೆ ಅಂಥ ಕೆಲಸ ಇನ್ನೂ ಯಾರೂ ಕೈಗೆತ್ತಿಕೊಂಡಿಲ್ಲ ಅನ್ನುವುದು ನನ್ನ ಕೊರಗು.

ಈಗ ನೀವೆಲ್ಲಾ ಕಾಯುತ್ತಿರುವ ವಿಷಯ: ಕ್ರ್ಯಾಕ್. ಸುಳ್ಳು ಹೇಳೋದಿಲ್ಲ, ನಾನೂ ಹಾಕಿಸಿದ್ದೆ. ಪರಿಚಯದ ಹುಡುಗನೊಬ್ಬ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟ. "ಆಂಟಿವೈರಸ್ ಒಂದು ಆಫ್ ಮಾಡಿ ಸಾರ್, ಸಾಕು" ಅಂದ. ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೆಯ ದಿನ ಬೆಳಿಗ್ಗೆ ನೋಡಿದರೆ ಎಲ್ಲಾ ಕಡತಗಳ ಹೆಸರಿಗೂ ಏನೋ ಬಾಲ ಅಂಟಿಕೊಂಡಿದೆ, ಒಂದೂ ತೆರೆಯುತ್ತಿಲ್ಲ. ಜೊತೆಗೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುವ ಒಂದು ಚೀಟಿ. ಗಿರಾಕಿಗಳ ಡಿಸೈನು ಹೋದದ್ದು ಬಿಡಿ, ಹೇಗೋ ಮತ್ತೆ ಮಾಡಿಕೊಟ್ಟೆ. ಇದೇ ಬಸವನಗುಡಿಯ ಒಬ್ಬ ನಿವೃತ್ತ ಮೇಷ್ಟರು ತಾವು ಕಂಡ ಈ ಬಡಾವಣೆಯ ಕಥೆ ಬರೆದಿದ್ದರು. 140 ಪುಟ. ಅವರು ಬಾಯಲ್ಲಿ ಹೇಳಿ ನಮ್ಮ ಹುಡುಗಿಯ ಕೈಲಿ ಟೈಪ್ ಮಾಡಿಸಿದ್ದು. ಅಚ್ಚಾಗುವ ಮೊದಲೇ ಮೇಷ್ಟರು ತೀರಿಕೊಂಡರು. ಅವರ ಮಗಳು "ದುಡ್ಡು ಹೊಂದಿಸ್ಕೊಂಡು ಬರ್ತೀನಿ, ಇಟ್ಟಿರಿ" ಅಂದಿದ್ದರು. ಉಳಿದದ್ದು ಕಾಗದದ ಮೇಲೆ ಪ್ರೂಫ್ ತೆಗೆದಿದ್ದ ಎರಡು ಫಾರಂ, 32 ಪುಟ. ಆಯಮ್ಮನ ಮನೆಗೆ ಹೋಗಿ ಹೇಳುವಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕೊಟ್ಟರು.

ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಕಳ್ಳಪ್ರತಿ ಅಂತ ಗೊತ್ತಿದ್ದೂ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲ ಅಂತ ಕೋರ್ಟಿಗೆ ಮನವರಿಕೆಯಾದರೆ ಜೈಲು ತಪ್ಪಬಹುದು. ನಾನು ವ್ಯಾಪಾರಿ, ನನಗೆ ಆ ರಿಯಾಯಿತಿಯೂ ಇಲ್ಲ.

ದುಡ್ಡು ಕೊಟ್ಟು ಕೊಳ್ಳುವವರೂ ಕರಾರು ಓದಿ. ತಿಂಗಳ ಕಂತು ಅಂತ ಕಂಡರೂ ಒಳಗೆ ವರ್ಷದ ಕರಾರು ಇರಬಹುದು, ನಡುವೆ ಬಿಟ್ಟರೆ ದಂಡ. ಇದನ್ನು ಮುಚ್ಚಿಡುತ್ತಾರೆ ಅಂತ ಆರೋಪಿಸಿ ಅಮೆರಿಕದ ಸರ್ಕಾರವೇ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ನಮ್ಮಲ್ಲಿ ಕಾರ್ಡಿನಿಂದ ಕಂತು ಕಡಿಯುವ 24 ಗಂಟೆ ಮುಂಚೆ ಬ್ಯಾಂಕು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಮೆಸೇಜು ಬಂದರೆ ಓದದೆ ಅಳಿಸಬೇಡಿ. ಫೋನಿನ ಆ್ಯಪ್ ನಂಬಿಕೊಂಡವರಿಗೆ ಇನ್ನೊಂದು: 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಎಡಿಟಿಂಗಿನ ವಿವಾ ವಿಡಿಯೊ ಕೂಡ ಆ ಪಟ್ಟಿಯಲ್ಲಿತ್ತು. ಮೂಲ ಚಿತ್ರಗಳನ್ನು ಆ್ಯಪ್‌ನ ಹೊರಗೆ, ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಆ ನಾಲ್ಕು ಹುಡುಗರ ವಿಡಿಯೊ ಏನಾಯಿತು ಅಂತ ಕೇಳುತ್ತೀರಿ. ಪ್ರೆಸ್ಸಿನಲ್ಲೇ ರಾತ್ರಿ ಕೂತು ಕೆಡೆನ್‌ಲೈವ್‌ನಲ್ಲಿ ಮತ್ತೆ ಜೋಡಿಸಿದೆವು, ಎರಡೂವರೆ ಗಂಟೆ ಹಿಡಿಯಿತು. ಹಳೆಯ ತಂತ್ರಾಂಶದ ಕಂಪನಿಗೆ ನಾಲ್ವರೂ ಒಡೆದ ಅಕ್ಷರದ ಚಿತ್ರ ಅಂಟಿಸಿ ದೂರು ಬರೆದರು. ಇನ್ನೂ ಉತ್ತರ ಬಂದಿಲ್ಲ. ನಾಲ್ಕು ದೂರಿಗೆ ಬರದ ಉತ್ತರ ನಾಲ್ಕು ನೂರು ದೂರಿಗೆ ಬರಬಹುದು, ಅದಕ್ಕೇ ಆ ಕಂಪನಿಯ ವಿಳಾಸವನ್ನು ಆ ಹುಡುಗರು ಬಾಗಿಲ ಹತ್ತಿರ ಚೀಟಿಯಲ್ಲಿ ಹಂಚುತ್ತಿದ್ದಾರೆ. ಹೋಗುವಾಗ ತಗೊಳ್ಳಿ. ಲ್ಯಾಪ್‌ಟಾಪ್ ತಂದಿದ್ದೇನೆ, ನಾಲ್ಕು ತಂತ್ರಾಂಶ ಹಾಕಿದ್ದೇನೆ, ಎಲ್ಲಾ ಸಾಚಾ. ಯಾರಾದರೂ ಒಬ್ಬರು ಮುಂದೆ ಬನ್ನಿ, ನಿಮ್ಮ ಹೆಸರು ಟೈಪ್ ಮಾಡಿ ನೋಡೋಣ. ಒತ್ತಕ್ಷರ ಜಾಸ್ತಿ ಇರುವ ಹೆಸರಿನವರು ಬಂದರೆ ಒಳ್ಳೆಯದು.